ಯೇಸುವಿನ ಹುಚ್ಚನ ಹೆಂಡತಿ

ಮದುವೆಯಾಗಿ ಗದಗದಿಂದ ನಾಸಿಕಕ್ಕೆ ಬಂದ ಮೇಲೆ ನನ್ನ ಮರ್ಯಾದೆ ಒಂದು ವಾರವಾದರೂ ನೆಟ್ಟಗೆ ಉಳಿದದ್ದು ನೆನಪಿಲ್ಲ. ನಮ್ಮ ಯಜಮಾನರು ಬೈಬಲ್ ಓದುತ್ತಾರೆ. ಓದುವವರು ಬಹಳ ಜನ ಇದ್ದಾರೆ. ಇವರು ಓದಿದ್ದನ್ನು ಮಾಡಿಬಿಡುತ್ತಾರೆ.

ಕಾಲು ತೊಳೆದದ್ದು

ಶುಭ ಶುಕ್ರವಾರದ ಹಿಂದಿನ ದಿನ ಯೇಸು ಶಿಷ್ಯರ ಕಾಲು ತೊಳೆದ ನೆನಪಿಗೆ ನಮ್ಮ ಚರ್ಚಿನಲ್ಲಿ ಪಾದ್ರಿಗಳು ಸಭೆಯ ಹಿರಿಯರ ಕಾಲು ತೊಳೆಯುತ್ತಾರೆ. ಹಿರಿಯರು ಮನೆಯಲ್ಲೇ ಸಾಬೂನು ಹಚ್ಚಿ ತಿಕ್ಕಿಕೊಂಡು ಬಂದಿರುತ್ತಾರೆ. ಆ ವರ್ಷ ಒಂದು ಕುರ್ಚಿ ಖಾಲಿ ಇತ್ತು. ಇವರು ಹೊರಗೆ ಹೋಗಿ, ನಿಫಾಡದ ದ್ರಾಕ್ಷಿ ತೋಟದಿಂದ ಬರುತ್ತಿದ್ದ ಕೂಲಿಯವನೊಬ್ಬನನ್ನು ಕರೆತಂದು ಕೂಡಿಸಿದರು. ಮೊಣಕಾಲತನಕ ಕೆಸರು. ಬೋಗುಣಿಯ ನೀರು ಕಪ್ಪಾಯಿತು.

"ಕಾಲು ತೊಳಕೊಂಡಾದ್ರೂ ಬರಬಾರದೇನು?" ಅಂದರು ಒಬ್ಬ ಹಿರಿಯರು.

"ತೊಳಕೊಂಡಿದ್ರ ಇಲ್ಲಿಗ್ಯಾಕ ಬರ್ತಿದ್ದೆ ಸಾಹೇಬ?" ಅಂದ ಅವನು.

ಗೇಟಿನ ಹೊರಗೆ

ಸಾತಪುರದ ಕಾರ್ಖಾನೆಯೊಂದರಲ್ಲಿ ಇವರು ಫಿಟ್ಟರ್ ಆಗಿದ್ದರು. ಅಲ್ಲಿ ಒಬ್ಬ ಗುತ್ತಿಗೆ ಕೆಲಸಗಾರನನ್ನು ತೆಗೆದುಹಾಕಿದರು. ಅವನು ಗೇಟಿನ ಹೊರಗೆ ಅಳುತ್ತ ಕೂತಿದ್ದ. ಇವರು ಮಷಿನ್ ಬಿಟ್ಟು ಹೋಗಿ ಅವನ ಪಕ್ಕದಲ್ಲಿ ಕೂತರು. ಸೂಪರ್‌ವೈಸರ್ ಬಂದರು.

"ನಿಮ್ಮನ್ನ ಯಾರು ತೆಗದಾರ?"

"ಯಾರೂ ಇಲ್ರಿ."

"ಮತ್ತ ಇಲ್ಲ್ಯಾಕ?"

"ಇವನ ಜೋಡಿ ಯಾರೂ ಇಲ್ಲಲ್ರಿ."

ಸಂಜೆಯ ಹೊತ್ತಿಗೆ ಇವರ ಕೆಲಸವೂ ಹೋಗಿತ್ತು. ಸುದ್ದಿ ಕೇಳಿ ನಾನು ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆ. ಇವರು ಬಂದು ನನ್ನ ಪಕ್ಕದಲ್ಲೂ ಕೂತರು.

ವಾಳೂಜಿನಲ್ಲಿ

ಕೆಲಸ ಹುಡುಕಿಕೊಂಡು ಸಂಭಾಜಿನಗರದ ವಾಳೂಜಿಗೆ ಬಂದೆವು. ಅಲ್ಲಿ ನಾನು ಚರ್ಚಿಗೆ ಹೋಗುವುದನ್ನೇ ಬಿಟ್ಟೆ. ಪ್ರಾರ್ಥನೆಗೆ ಕೂತರೆ ಆ ಕಡೆ ಕೇಳುವವರು ಯಾರೂ ಇಲ್ಲ ಅನಿಸುತ್ತಿತ್ತು. ಇವರು ಮಾತ್ರ ರಜೆಯ ದಿನ ಕೂಲಿಗಳಿರುವ ಚಾಳಿನ ಸಾಲುಮನೆಗಳ ಪಾಯಿಖಾನೆ ತೊಳೆದು, ಕೀರ್ತನೆ ಹಾಡುತ್ತ ಮನೆಗೆ ಬರುತ್ತಿದ್ದರು.

ಇವರು ಮತಾಂತರ ಮಾಡಿಸುತ್ತಾರೆಂದು ಯಾರೋ ಸುದ್ದಿ ಹಬ್ಬಿಸಿದರು. ಒಂದು ದಿನ ಅದನ್ನು ನಂಬಿದವರು ಗುಂಪು ಕಟ್ಟಿಕೊಂಡು ನಮ್ಮ ಬಾಗಿಲಿಗೇ ಬಂದರು. ಮುಂದಾಳು ಇವರ ಕಾಲರ್ ಹಿಡಿದು ಮರಾಠಿಯಲ್ಲಿ ಕೇಳಿದ: "ಎಷ್ಟು ಜನರನ್ನ ಕ್ರೈಸ್ತರನ್ನಾಗಿ ಮಾಡಿದೆ? ನಿಜ ಹೇಳು."

ಇವರು ಎಣಿಸಲು ಕೈಬೆರಳು ಬಿಡಿಸಿದರು. ಕಣ್ಣಲ್ಲಿ ನೀರು ಬಂತು.

"ಒಬ್ಬರನ್ನೂ ಇಲ್ಲ ಭಾವು," ಅಂದರು. "ಇದ್ದ ಹೆಂಡತಿಯೂ ಚರ್ಚು ಬಿಟ್ಟುಬಿಟ್ಟಳು."

ಗುಂಪೆಲ್ಲ ನನ್ನತ್ತ ತಿರುಗಿತು. ಮುಂದಾಳು ಕಾಲರ್ ಬಿಟ್ಟು, ಇವರ ಬೆನ್ನು ಸವರಿ, ನನ್ನನ್ನು ಅತ್ತಿಗೆಯೆಂದು ಕರೆದು ಗದರಿದ: "ಏನು ವಹಿನಿ, ಗಂಡ ಅಳೋದು ಕಾಣಿಸೋದಿಲ್ಲವಾ? ರವಿವಾರ ಇವರ ಜೊತೆ ಚರ್ಚಿಗೆ ಹೋಗಿ."