ಕವುಚಿಟ್ಟ ಲೋಟ

ಬೆಳಿಗ್ಗೆ ಚಹಾ ಕುದಿಸಿದೆ, ಮಗನ ಟಿಫಿನ್ ತುಂಬಿದೆ, ಬಾಗಿಲ ಪಕ್ಕದ ನಾಲ್ಕು ಎನಾಮಲ್ ಲೋಟಗಳ ಧೂಳು ಒರೆಸಿದೆ. ದಿನವೂ ಮಾಡುವ ಕೆಲಸ. ಬಾಗಿಲ ಪಕ್ಕ ಲೋಟ ಯಾಕೆ ಅನ್ನುತ್ತೀರಾ? ನಮ್ಮವರ ಚಿಕ್ಕಪ್ಪನನ್ನು ಕೇಳಿ. ಒಮಾನಿನಲ್ಲಿ ಮನೆಗಳೇ ಇಲ್ಲ, ಇರುವುದೆಲ್ಲ ಕ್ಯಾಂಪು ಎಂದು ನಂಬಿದ ಏಕೈಕ ಮನುಷ್ಯ ಅವರು!

ರೂವಿಯ ಮೂರನೇ ಮಹಡಿಯ ನಮ್ಮ ಫ್ಲ್ಯಾಟು, ನಾನೇ ಕಸೂತಿ ಹಾಕಿದ ಪರದೆಗಳ ಸಮೇತ, ಅವರಿಗೆ ಕ್ಯಾಂಪು. ಮದುವೆ ಹಾಲ್‌ನಲ್ಲಿ ಊಟ ಮುಗಿದದ್ದೇ, "ಯಲ್ಲಾ, ಕ್ಯಾಂಪಿಗೆ ಹೋಗುವ!" ಎಂದು ಕೂಗುವರು. ರೇಷ್ಮೆ ಸೀರೆಯ ಈಕೆ ಯಾವ ಕಂಪೆನಿ ಬಸ್ಸು ಹತ್ತುತ್ತಾಳೋ ಎಂದು ಹೆಂಗಸರೆಲ್ಲ ತಿರುಗಿ ನೋಡುವರು!

ಕಾನ್ವೆಂಟಿನಲ್ಲಿ ಓದಿದ ನನಗೆ ಕ್ಯಾಂಪ್ ಎಂದರೆ ಗೈಡ್ಸ್ ಹುಡುಗಿಯರ ಸೀಟಿ, ತಳ ಹಿಡಿದ ಉಪ್ಪಿಟ್ಟು. ಈಗಿನವರಿಗೆ ಕೂಲಿಯವರ ಸಾಲುಕೋಣೆ. ಆ ಮಾತು ಆಡುವಾಗ ಮೂಗು ತುಸು ಮೇಲೇರುತ್ತದೆ. ಚಿಕ್ಕಪ್ಪ ಈ ದೇಶಕ್ಕೆ ಬಂದಾಗ ದುಕ್ಮ್ ಕಡೆ ರಸ್ತೆಯೇ ಇರಲಿಲ್ಲವಂತೆ. ರಸ್ತೆಗೆ ಅಳತೆ ಹಿಡಿಯಲು ಹೋದವರಿಗೆ ನಾಲ್ಕು ಡೇರೆ, ಒಂದು ನೀರಿನ ಟ್ಯಾಂಕರು. ಮರಳುಗಾಡಿಗೆ ಹೊರಟವನು ತನ್ನ ಲೋಟ ಕವುಚಿಟ್ಟು ಹೋಗಬೇಕು, ಬಂದವನು ನೆಟ್ಟಗೆ ಮಾಡಬೇಕು. ಸಂಜೆಗೂ ಒಂದು ಕವುಚಿಯೇ ಇದ್ದರೆ ಜೀಪು ಹುಡುಕಲು ಹೊರಡುವುದು.

ಅವರು ನಮ್ಮ ಜೊತೆ ಇರಲು ಬಂದ ಮೇಲೆ ಅದೇ ಕಾನೂನು ನಮ್ಮಲ್ಲೂ! ಒಮ್ಮೆ ನಾನು ಕೊತ್ತಂಬರಿ ತಂದವಳು ಲೋಟ ನೆಟ್ಟಗೆ ಮಾಡಲು ಮರೆತು, ಸೀದಾ ಎದುರು ಫ್ಲ್ಯಾಟಿನ ಝೊಹರಕ್ಕನಲ್ಲಿ ಪತ್ತಿರ್ ರೊಟ್ಟಿ ತಿನ್ನುತ್ತ ಕೂತೆ. ಚಿಕ್ಕಪ್ಪ ತರಕಾರಿ ಅಂಗಡಿ, ಬಸ್ ಸ್ಟ್ಯಾಂಡ್ ಎಲ್ಲ ಸುತ್ತಿ, ಇಬ್ಬರು ಟ್ಯಾಕ್ಸಿಯವರನ್ನೂ ಹುಡುಕಲು ಹಚ್ಚಿ, ಕೊನೆಗೆ ಬೆವರು ಸುರಿಸುತ್ತ ಅಲ್ಲಿಗೆ ಬಂದರು.

"ಎದುರು ಬಾಗಿಲಲ್ಲೇ ಇದ್ದೆನಲ್ಲ ಚಿಕ್ಕಪ್ಪ!"

"ಮರಳಲ್ಲಿ ಕಳೆದುಹೋದವನೂ ಹಾಗೇ ಹೇಳಿದ್ದು. ಡೇರೆಯ ಹಿಂದೆಯೇ ಸಿಕ್ಕಿದ!"

ಝೊಹರಕ್ಕ ನಕ್ಕು ಬಗ್ಗಿದರು. ನನಗೆ ಸಿಟ್ಟು. "ಇದು ಮನೆ, ಕ್ಯಾಂಪಲ್ಲ."

ಚಿಕ್ಕಪ್ಪ ನನ್ನ ತಟ್ಟೆಯಿಂದಲೇ ಒಂದು ಪತ್ತಿರ್ ಎತ್ತಿಕೊಂಡರು. "ಮನೆಯಲ್ಲಿ ಕಾಯ್ತಾರೆ. ಕ್ಯಾಂಪಲ್ಲಿ ಹುಡುಕಲಿಕ್ಕೆ ಹೋಗ್ತಾರೆ, ಮಾರಾಯ್ತಿ."

ಇವತ್ತು ಅವರ ವೀಸಾ ಖಲಾಸ್. ಉಡುಪಿಗೆ, ಅಕ್ಕನ ಮಗಳ ಮನೆಗೆ ಹೊರಟರು, ಇನ್ನು ಬರುವುದಿಲ್ಲ. ಅವರ ಲೋಟವನ್ನು ಪೆಟ್ಟಿಗೆಗೆ ತುಂಬಲು ಹೋದರೆ ಬಿಡಲಿಲ್ಲ.

"ಅಲ್ಲಿ ಅದನ್ನು ನೋಡುವವರು ಯಾರು?"

ಎಂದಿನಂತೆ ಕವುಚಿಟ್ಟು, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು.

ಸಂಜೆ ಗಂಡ, ಮಗ ಬಂದು ತಮ್ಮ ತಮ್ಮದನ್ನು ನೆಟ್ಟಗೆ ಮಾಡಿದರು. ನಾಲ್ಕನೆಯದನ್ನು ತೊಳೆದು ಒಳಗಿಡೋಣವೆಂದು ಎತ್ತಿಕೊಂಡೆ. ಅಂಚಿನಲ್ಲಿ ಎನಾಮಲ್ ಹಾರಿದ ಕಡೆ ಅವರ ತುಟಿ ತಾಗಿ ತಾಗಿ ನುಣುಪಾಗಿತ್ತು. ಹೇಗಿತ್ತೋ ಹಾಗೇ ಇಟ್ಟೆ.

ಖಸಬ್ ಊರಲ್ಲಿರುವ ಮಗಳ ಮನೆಯಲ್ಲಿ ವಾರವಿದ್ದು ಆಗಷ್ಟೇ ಮರಳಿದ ಝೊಹರಕ್ಕ ಖರ್ಜೂರ ಕೊಡಲು ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಹೊಸಿಲಲ್ಲೇ ನಿಂತು ಬಗ್ಗಿ ನೋಡಿದರು.

"ಒಂದು ಕವುಚಿಯೇ ಉಂಟಲ್ಲ! ಇನ್ನು ಯಾರು ಬರಲಿಕ್ಕುಂಟು?"