ಪಾಪ ಕಡಿಮೆ ಇರುವ ನಾಯಿ

ಒಂದಾನೊಂದು ಕಾಲದಲ್ಲಿ, ಗಂಗೆ ಸಮುದ್ರ ಸೇರುವ ಮುಂಚೆ ಬಣ್ಣಗೆಟ್ಟು, ಕಾಲೆಳೆದುಕೊಂಡು ಹರಿಯುವ ಒಂದು ಊರಿನಲ್ಲಿ, ಯಾವುದನ್ನೂ ಆರಿಸಲಾರದ ಒಬ್ಬ ಗೃಹಸ್ಥನಿದ್ದ. ಕಾಲ ಎಂದರೆ ತೀರ ಹಿಂದಿನದೇನಲ್ಲ. ಸಾಲ್ಟ್ ಲೇಕಿನ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರುಗಳ ಮುಂದೆ ಜನ ಹಗಲು ರಾತ್ರಿ ಮರೆತು ಕೂತಿರುತ್ತಿದ್ದ 2006ನೇ ಇಸವಿ. ಊರು, ಕಲ್ಕತ್ತೆಯ ಬಡಗಣ ತುದಿಯ ಬಾರಾನಗರ. ಗೃಹಸ್ಥನ ಹೆಸರು ಭರತೇಶ. ಚನ್ನರಾಯಪಟ್ಟಣದ ಕಡೆಯ ಜೈನರ ಮನೆಯವನು, ಬಾರಾನಗರದ ಸಂಶೋಧನಾ ಸಂಸ್ಥೆಯಲ್ಲಿ ಸಂಖ್ಯಾಶಾಸ್ತ್ರದ ಕೆಲಸ.

ಅಜ್ಜಿಯರ ಕತೆಗಳಲ್ಲಿ ರಾಜಕುಮಾರಿ ಮೊದಲು ಪಂಥ ಒಡ್ಡುತ್ತಾಳೆ, ಗೆದ್ದವನ ಕೊರಳಿಗೆ ಆಮೇಲೆ ಹಾರ ಹಾಕುತ್ತಾಳೆ. ಭರತೇಶನ ಪಾಲಿಗೆ ಹಾರ ಮೊದಲೇ ಬಿದ್ದಿತ್ತು. ಪಂಥ ಏಳು ವರ್ಷ ತಡವಾಗಿ, ಡಿಸೆಂಬರಿನ ಒಂದು ಭಾನುವಾರ, ಅವಲಕ್ಕಿಯ ತಟ್ಟೆಯ ಜೊತೆ ಬಂತು.

"ರೀ, ನಾಯಿ ಬೇಕು ಅಂತ ನಾನು ಬಾಯಿಬಿಟ್ಟು ಆರು ತಿಂಗಳಾಯ್ತು," ಅಂದಳು ಹೆಂಡತಿ ಕೋಕಿಲಾ. "ಇವತ್ತು ಸಂಜೆ ಊಟಕ್ಕೆ ಕೂರೋದ್ರೊಳಗೆ ತನ್ನಿ. ಇಲ್ಲಾ, ತರಲ್ಲ ಅಂತ ಹೇಳಿಬಿಡಿ. ಎರಡರಲ್ಲಿ ಒಂದು."

ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ತುತ್ತು ಎತ್ತುವ ಪದ್ಧತಿಯಿಲ್ಲ. ಕಲ್ಕತ್ತೆಯ ಚಳಿಗಾಲದ ಸೂರ್ಯನೋ ಸರ್ಕಾರಿ ಗುಮಾಸ್ತ. ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಎದ್ದು ಹೋಗುವವನು. ಭರತೇಶ ಗಡಿಯಾರ ನೋಡಿದ. ಒಂಬತ್ತೂಕಾಲು. ಕೈಯಲ್ಲಿದ್ದ ತುತ್ತನ್ನು ಮತ್ತೆ ತಟ್ಟೆಗೇ ಇಟ್ಟ.

ಇಟ್ಟದ್ದು ನಾಯಿಯ ಚಿಂತೆಗಲ್ಲ. ಹಿಂದಿನ ದಿನ ಕೋಕಿಲಾ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು: "ಮನೆಗೆ ನಾಯಿ ಬಂದ ದಿನವೇ ನನ್ನ ಉತ್ತರ ಹೇಳ್ತೀನಿ ಸರ್." ಆ ಕಡೆ ಇದ್ದವರು ಅವಳ ಕಂಪನಿಯ ಹೈದರಾಬಾದಿನ ಆಫೀಸಿನವರು. ಬಡ್ತಿ ಕೊಟ್ಟು ಅವಳನ್ನು ಅಲ್ಲಿಗೆ ಕರೆಯುತ್ತಿದ್ದಾರೆಂಬುದು ಅವನಿಗೂ ಗೊತ್ತಿತ್ತು. ಆ ಮಾತು ಮನೆಯಲ್ಲಿ ಎದ್ದಾಗಲೆಲ್ಲ ಇಬ್ಬರೂ ಅನ್ನದ ಪಾತ್ರೆಯ ಮುಚ್ಚಳ ಮುಚ್ಚಿದ ಹಾಗೆ ಮುಚ್ಚಿಬಿಡುತ್ತಿದ್ದರು.

ಕೆಳಗಿನ ಮನೆಯ ಮಹಾಲಕ್ಷ್ಮಿಯವರು ಧಾರವಾಡದವರು, ರೈಲ್ವೆ ಅಧಿಕಾರಿಯ ಹೆಂಡತಿ. ಓಣಿಯ ಅಷ್ಟೂ ಸಂಸಾರಗಳ ನಾಡಿ ಅವರ ಬೆರಳ ತುದಿಯಲ್ಲಿತ್ತು. ಫೋನಿನ ಸಂಗತಿಯನ್ನು ಭರತೇಶನ ಬಾಯಿಂದ ಕೇಳಿ ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಲೇ ತೀರ್ಪು ಕೊಟ್ಟಿದ್ದರು. "ಇಷ್ಟೂ ತಿಳೀಲಿಲ್ಲೇನ್ರಿ ನಿಮಗ? ನಾಯಿ ಸಾಕಿದ ಹೆಣ್ಮಗಳು ಮನಿ ಬಿಟ್ಟು ಎಲ್ಲೂ ಹೋಗೂದಿಲ್ಲ. ಇಲ್ಲೇ ಇರ್ಲಿಕ್ಕೆ ಒಂದು ನೆವ ಕೇಳ್ಲಿಕ್ಕತ್ತಾಳ ಆಕಿ. ಕೊಡ್ರಿ ಸುಮ್ನ."

ಕೊಡಬಹುದಿತ್ತು. ಆದರೆ ಭರತೇಶ ಕಿಟಕಿಯ ಪರದೆಯ ಬಣ್ಣ ಆರಿಸಲು ಎರಡು ವರ್ಷ ತೆಗೆದುಕೊಂಡವನು. ಈಗಲೂ ಆ ಕಿಟಕಿಗೆ ಕೋಕಿಲಾಳ ಹಳೆಯ ಸೀರೆಯೇ.

ನಾಯಿಯ ವಿಷಯದಲ್ಲಿ ಅವನು ಸುಮ್ಮನೆ ಕೂತಿರಲಿಲ್ಲ. ಗೋಲ್ ಪಾರ್ಕಿನ ಫುಟ್‌ಪಾತಿನಲ್ಲಿ ರಟ್ಟು ಕಿತ್ತುಹೋದ, ಬ್ರಿಟಿಷರ ಕಾಲದ ನಾಯಿ ಪುಸ್ತಕವೊಂದನ್ನು ತಂದಿದ್ದ. ಮೊದಲ ಮೂವತ್ತು ಪುಟ ಗೆದ್ದಲಿನ ಪಾಲಾಗಿತ್ತು. ಮಿಕ್ಕಿದ್ದನ್ನು ಓದುತ್ತ ಓದುತ್ತ, ಅದರಲ್ಲಿರುವವೆಲ್ಲ ಬಂದೂಕಿನ ಹಿಂದೆ ಹೋಗುವ ಬೇಟೆ ನಾಯಿಗಳೆಂದು ತಿಳಿದು ಬೆವರಿದ. ಬೇರೆಯವನಾಗಿದ್ದರೆ ಬೇರೆ ಪುಸ್ತಕ ತರುತ್ತಿದ್ದ. ಆದರೆ ಸಂಖ್ಯಾಶಾಸ್ತ್ರದವನ ಕೈಗೆ ಒಮ್ಮೆ ಒಂದು ಪಟ್ಟಿ ಸಿಕ್ಕಿತೆಂದರೆ, ಪಟ್ಟಿಯ ಆಚೆಗೆ ಜಗತ್ತಿಲ್ಲ.

ಹಾಗಾಗಿ ಅವನು ನಾಯಿಗಳ ಪಾಪ ತೂಗಲು ಕೂತ. ತಾನು ಕೊಲ್ಲುವುದು, ಇನ್ನೊಬ್ಬರಿಂದ ಕೊಲ್ಲಿಸುವುದು, ಕೊಂದದ್ದನ್ನು ಮೆಚ್ಚುವುದು, ಮೂರೂ ಪಾಪವೇ ಎಂದು ಅವನ ಅಜ್ಜಿ ಇಂದಿರಮ್ಮ ಹಾಲುಹಲ್ಲಿನ ಕಾಲಕ್ಕೇ ಕಲಿಸಿದ್ದರು. ಪಾಯಿಂಟರ್ ಎಂಬ ನಾಯಿ ಒಂದು ಕಾಲೆತ್ತಿ ಹಕ್ಕಿ ಇರುವ ಕಡೆಗೆ ಮೂತಿ ತೋರಿಸಿ ನಿಲ್ಲುತ್ತದೆ, ಅದು ಚಾಡಿ. ಸೆಟರ್ ಹಕ್ಕಿಯನ್ನು ಕಂಡೂ ಸದ್ದಿಲ್ಲದೆ ನೆಲಕ್ಕೆ ಅವುಚಿಕೊಳ್ಳುತ್ತದೆ, ಅದು ಒಳಸಂಚು. ಸ್ಪ್ಯಾನಿಯಲ್ ಪೊದೆಗೆ ನುಗ್ಗಿ ಹಕ್ಕಿಯನ್ನು ಗುಂಡಿನ ಎದುರಿಗೇ ಎಬ್ಬಿಸುತ್ತದೆ. ಅದಂತೂ ನೇರ ನರಕ. ಉಳಿದದ್ದು ರಿಟ್ರೀವರ್. ಎಲ್ಲ ಮುಗಿದ ಮೇಲೆ ಹೋಗಿ, ಬಿದ್ದದ್ದನ್ನು ಬಾಯಲ್ಲಿ ಹಿಡಿದು, ಒಂದು ಹಲ್ಲಿನ ಗುರುತೂ ಮೂಡದ ಹಾಗೆ ಯಜಮಾನನ ಕೈಗೆ ತಂದಿಡುತ್ತದೆ. ಚಟ್ಟ ಹೊರುವವನಿಗೆ ಸಾವಿನ ಪಾಪ ಅಂಟುತ್ತದೆಯೇ? ರಿಟ್ರೀವರ್ ಗೆದ್ದಿತು.

ಅಲ್ಲಿಗಾದರೂ ಮುಗಿಯಬೇಕಿತ್ತು. ರಿಟ್ರೀವರಿನಲ್ಲೇ ಕಪ್ಪು ಲ್ಯಾಬ್ರಡಾರಿಗೂ ಹೊಂಬಣ್ಣದ ಗೋಲ್ಡನ್ನಿಗೂ ತಲಾ ಎಪ್ಪತ್ತೊಂದೂವರೆ ಅಂಕ ಬಂದು ನಿಂತುಬಿಟ್ಟವು. ಮೂರು ತಿಂಗಳಿಂದ ಅವನು ಆ ಸಮಬಲವನ್ನು ಬಾವಿಗೆ ಇಣುಕುವವನ ಹಾಗೆ ನೋಡುತ್ತ ಕೂತಿದ್ದ.

ಆ ಭಾನುವಾರ ಅವನನ್ನು ಎಳೆದು ಎಬ್ಬಿಸಿದ್ದು ಮೇಲಿನ ಮನೆಯ ಘೋಷಾಲ್ ಬಾಬು. ನಿವೃತ್ತ ಮೇಷ್ಟ್ರು, ತಲೆಯಿಂದ ಗಲ್ಲದವರೆಗೆ ಮಂಕಿ ಟೋಪಿ, ಬಾಯಿಗೆ ಮಾತ್ರ ಬಿಡುವಿಲ್ಲ. ಸದರ್ನ್ ಅವೆನ್ಯೂದಲ್ಲಿ ಲಾಹಿರಿ ಎಂಬ ಮುದುಕರು ತಮ್ಮ ಎರಡು ನಾಯಿಗಳನ್ನು ಒಳ್ಳೆಯ ಮನೆಗೆ ಕೊಡಲಿದ್ದಾರೆ, ಒಂದು ಕಪ್ಪು, ಒಂದು ಹೊಂಬಣ್ಣ, ನಡೆಯಿರಿ ಎಂದರು. ತಾವೂ ಹೊರಟು ನಿಂತರು. ಮೆಟ್ರೋದಲ್ಲಿ ದಾರಿಯುದ್ದಕ್ಕೂ ಅವರದೊಂದೇ ಹಾಡು: ತಾವು ಮೂರು ನಿಮಿಷದಲ್ಲಿ ಮೀನು ಆರಿಸಿ, ಐದು ನಿಮಿಷದಲ್ಲಿ ಅಳಿಯನನ್ನು ಆರಿಸಿದವರು. ಮೀನು ಒಮ್ಮೆಯೂ ಕೆಟ್ಟಿಲ್ಲವಂತೆ. ಅಳಿಯನ ವಿಷಯ ಮುಂದುವರಿಸಲಿಲ್ಲ.

ಲಾಹಿರಿಯವರ ಮನೆ ಗೋಡೆಯಲ್ಲಿ ಮೊಳೆಗಳಿದ್ದವು, ಬಂದೂಕುಗಳಿರಲಿಲ್ಲ. ಅವನ್ನು ಎಂದೋ ಪೊಲೀಸ್ ಠಾಣೆಗೆ ಒಪ್ಪಿಸಿಯಾಗಿತ್ತು. ಬೇಟೆಗಾರರ ವಂಶದ ಆ ಕೊನೆಯ ಕುಡಿ, ಹೊದ್ದ ಶಾಲಿನೊಳಗಿನಿಂದ ಭರತೇಶನನ್ನು ವಿಚಾರಿಸಿದರು. ಬಂದೂಕು ಉಂಟೇ? ಇಲ್ಲ. ಮಾಂಸ? ಇಲ್ಲ. ಮೀನು? ಇಲ್ಲ. ಆಲೂಗಡ್ಡೆ? ನೆಲದಡಿ ಬೆಳೆದದ್ದೆಂದು ಅದೂ ಇಲ್ಲವೆಂದಾಗ ಮುದುಕರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡರು. ಸತ್ತೇ ಹೋದರೇನೋ ಎಂದು ಘೋಷಾಲ್ ಬಾಬು ಬಗ್ಗಿ ನೋಡಿದರು.

ಎರಡೂ ನಾಯಿ ಬಂದು ಎದುರಿಗೆ ಕೂತವು. ಭರತೇಶ ಅಂಕಪಟ್ಟಿ ಬಿಡಿಸಿದ. ಅದು ಜಾರಿ ಸೋಫಾದಡಿ ಸೇರಿತು. ಹೊಂಬಣ್ಣದ್ದು ಆಕಳಿಸಿತು. ಕಪ್ಪು ನಾಯಿ ಎದ್ದು, ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗಿ, ಹಾಳೆಯನ್ನು ಕಚ್ಚಿ ತಂದು ಅವನ ಅಂಗೈಯಲ್ಲಿಟ್ಟಿತು. ಆಮೇಲೆ ತಲೆಯೆತ್ತಿ ನೋಡಿತು. ಲೋಕದಲ್ಲಿ ತನಗಿಂತ ಸಪ್ಪೆ ಮೋರೆಯ ಇನ್ನೊಂದು ಜೀವವನ್ನು ಭರತೇಶ ಕಂಡದ್ದು ಅದೇ ಮೊದಲು.

"ಇದೇ," ಅಂದ.

ತನ್ನ ದನಿಗೆ ತಾನೇ ಬೆಚ್ಚಿದ. ಮೂವತ್ತೇಳು ವರ್ಷದ ಬಾಳಿನಲ್ಲಿ ಅವನು ಹಿಂದೆ ಮುಂದೆ ನೋಡದೆ ಆಡಿದ ಮೊದಲ ಮಾತು. ಒಳಗೆಲ್ಲೋ ಬೆಚ್ಚಗಾಯಿತು, ಕೋಕಿಲಾ ಇನ್ನು ಹೋಗುವುದಿಲ್ಲ.

ಲಾಹಿರಿ ಒಂದೇ ಒಂದು ಭಾಷೆ ತೆಗೆದುಕೊಂಡರು. ನಾಯಿಯ ಹೆಸರು ಲಾಟ್‌ಸಾಹೇಬ. ಅನ್ನ ಮೊಸರು ಏನು ಕೊಟ್ಟರೂ ತಿಂದೀತು. ಆದರೆ ಅದು ಏನನ್ನೇ ತಂದುಕೊಡಲಿ, ಎರಡೂ ಕೈಯಲ್ಲಿ ತೆಗೆದುಕೊಂಡು ಶಾಬಾಶ್ ಅನ್ನಬೇಕು. "ಅಷ್ಟಕ್ಕೇ ಅದು ಬದುಕಿರೋದು. ಹೇಳದಿದ್ದರೆ ಕೊರಗಿ ಹೋಗ್ತದೆ," ಅಂದರು ಮುದುಕರು. ಭರತೇಶ ಅವರ ಕೈಮೇಲೆ ಕೈಯಿಟ್ಟು ಒಪ್ಪಿಕೊಂಡ.

ಮೆಟ್ರೋದಲ್ಲಿ ನಾಯಿಗೆ ಪ್ರವೇಶವಿಲ್ಲ. ಹಳದಿ ಟ್ಯಾಕ್ಸಿ ಹಿಡಿದರು. ಇಷ್ಟು ದೂರ ಬಂದಿದ್ದೇವಲ್ಲ ಎಂದು ಘೋಷಾಲ್ ಬಾಬು ಲೇಕ್ ಮಾರ್ಕೆಟ್ಟಿನಲ್ಲಿ ಗಾಡಿ ನಿಲ್ಲಿಸಿ, ಮೂರೇ ನಿಮಿಷದಲ್ಲಿ ಎರಡು ಕಿಲೋದ ಇಡೀ ರುಯಿ ಮೀನು ತಂದರು. ಟ್ಯಾಕ್ಸಿ ಹತ್ತುವಾಗ ಚೀಲದ ಕಿವಿ ಹರಿದು ಮೀನು ರಸ್ತೆಗೆ ಬಿತ್ತು.

ಬಿದ್ದದ್ದನ್ನು ತರುವುದು ಲಾಟ್‌ಸಾಹೇಬನ ಕುಲಧರ್ಮ. ಒಂದೇ ನೆಗೆತಕ್ಕೆ ಇಳಿದು, ಮೀನನ್ನು ಹಸುಗೂಸಿನಂತೆ ಬಾಯಲ್ಲಿ ಎತ್ತಿ, ಅದನ್ನು ಕೊಂಡವರನ್ನು ದಾಟಿಕೊಂಡು, ಭರತೇಶನ ಮಡಿಲಲ್ಲಿ ಮಲಗಿಸಿತು. ಅವನು ಕಿಟಾರನೆ ಕಿರುಚಿ ಕೊಡವಿದ. ಮೀನು ಮತ್ತೆ ಬಿತ್ತು. ನಾಯಿ ಮತ್ತೆ ತಂದಿತು. ಮೂರನೆಯ ಸಲಕ್ಕೆ ಸುತ್ತ ಮೂವತ್ತು ಜನ ನೆರೆದು, ಮೀನು ಹಿಡಿಯುವ ಸರಿಯಾದ ಕ್ರಮವನ್ನು ಅವನಿಗೆ ವಿವರಿಸತೊಡಗಿದ್ದರು.

ಘೋಷಾಲ್ ಬಾಬು ಮೀನನ್ನು ತಿರುಗಿಸಿ ತಿರುಗಿಸಿ ನೋಡಿದರು. "ಒಂದು ಹಲ್ಲಿನ ಗುರುತಿಲ್ಲ ಮೊಶಾಯ್. ಶಾಬಾಶ್ ಹೇಳಿ."

ನಾಯಿ ಕಿವಿ ನಿಮಿರಿಸಿ ಭರತೇಶನ ಬಾಯನ್ನೇ ನೋಡುತ್ತಿತ್ತು. ಸತ್ತ ಜೀವವನ್ನು ಮಡಿಲಲ್ಲಿಟ್ಟುಕೊಂಡು ಶಾಬಾಶ್ ಅನ್ನುವುದೆಂದರೆ ಮೆಚ್ಚಿದ ಪಾಪ. ಇಂದಿರಮ್ಮ ಸ್ವರ್ಗದಿಂದಲೇ ಇಳಿದು ಕಿವಿ ಹಿಂಡಿಯಾರು. ಅವನು ಮುಖ ತಿರುಗಿಸಿದ. ಲಾಟ್‌ಸಾಹೇಬ ಸೀಟಿನಡಿ ಮುದುರಿ ಮಲಗಿ ಒಂದು ನಿಟ್ಟುಸಿರು ಬಿಟ್ಟಿತು.

ಧರ್ಮತಲದಲ್ಲಿ ಮೆರವಣಿಗೆ. ಕೆಂಪು ಬಾವುಟಗಳ ಹಿಂದೆ ಟ್ಯಾಕ್ಸಿ ಒಂದೂಮುಕ್ಕಾಲು ಗಂಟೆ ನಿಂತಿತು. ಶ್ಯಾಮಬಜಾರ್ ದಾಟುವಾಗ ನಾಲ್ಕೂವರೆ. ಹೊಗೆ ಹಿಡಿದ ಆಕಾಶದಲ್ಲಿ ಸೂರ್ಯ ಒಡೆದ ಮೊಟ್ಟೆಯ ಹಾಗೆ ಇಳಿಯುತ್ತಿದ್ದ. ಓಣಿಯ ಬಾಯಲ್ಲಿ ಟ್ಯಾಕ್ಸಿ ಕೈಕೊಟ್ಟಿತು. ಭರತೇಶ ಮೈಯೆಲ್ಲ ಮೀನಿನ ವಾಸನೆ ಹೊತ್ತು, ಕೈಯಲ್ಲಿ ಹಗ್ಗ ಹಿಡಿದು ಓಡಿದ. ಯಾರು ಯಾರನ್ನು ಎಳೆಯುತ್ತಿದ್ದರೋ ಹೇಳುವುದು ಕಷ್ಟ. ಬಾಗಿಲಲ್ಲಿ ನಿಂತಿದ್ದ ಮಹಾಲಕ್ಷ್ಮಿಯವರು, "ಗೆದ್ರಿ ಬಿಡ್ರಿ," ಅಂದರು.

ಕೋಕಿಲಾ ಎರಡು ತಟ್ಟೆ ಹಾಕಿ ಕೂತಿದ್ದಳು. ನಾಯಿಯನ್ನು ನೋಡಿ ಮೊದಲು ಅವಳ ಮುಖ ಬಿಳಿಚಿಕೊಂಡಿತು, ಆಮೇಲೆ ನಕ್ಕಳು, ಆಮೇಲೆ ನೆಲಕ್ಕೆ ಕೂತು ಅದರ ಕೊರಳು ತಬ್ಬಿಕೊಂಡಳು. ಎಷ್ಟೋ ತಿಂಗಳ ಮೇಲೆ ಕಂಡ ಆ ನಗೆಯನ್ನು ಭರತೇಶ ನಿಂತು ನೋಡಿದ.

"ನೀವೇ ಆರಿಸಿದ್ರಾ?"

"ನಾನೇ. ಒಂದೇ ಸಲಕ್ಕೆ."

"ಒಂದೇ ಸಲಕ್ಕೆ," ಅಂತ ಅವಳು ಮೆಲ್ಲಗೆ ಮತ್ತೆ ಅಂದುಕೊಂಡಳು.

ಲಾಟ್‌ಸಾಹೇಬನಿಗೆ ಹೊಸ ಮನೆ. ಮೂಸುತ್ತ ಕೋಣೆಗೆ ಹೋಯಿತು. ಮಂಚದಡಿ ಏನೋ ಸರಪರ ಸದ್ದಾಯಿತು. ಹೊರಬಂದಾಗ ಅದರ ಬಾಯಲ್ಲೊಂದು ಲಕೋಟೆಯಿತ್ತು. ಮಧ್ಯಾಹ್ನದ ಅಪಮಾನವನ್ನು ಮರೆತು, ಕೊನೆಯ ಬಾರಿ ನಂಬಿ ನೋಡೋಣವೆಂಬಂತೆ ಅದನ್ನು ಭರತೇಶನ ಕೈಗಿಟ್ಟು ಎದುರಿಗೆ ಕೂತಿತು.

ಹೈದರಾಬಾದಿನ ವರ್ಗದ ಪತ್ರ. ಜೂನ್ ತಿಂಗಳದು. ಕೆಳಗೆ ಕೋಕಿಲಾಳ ಒಪ್ಪಿಗೆಯ ಸಹಿ, ಅದೂ ಜೂನಿನದೇ.

"ಆಗಲೇ ಸಹಿ ಹಾಕಿದ್ದೆ," ಅಂದಳು ಕೋಕಿಲಾ. ಕಣ್ಣು ನಾಯಿಯ ಮೇಲಿತ್ತು. "ನಾನು ಹೋದ್ಮೇಲೆ ನೀವು ಒಂಟಿಯಾಗ್ತೀರಲ್ಲ, ಜೊತೆಗೊಂದು ಜೀವ ಬರೋವರೆಗೂ ಕಳಿಸಲ್ಲ ಅಂತ ಇಟ್ಕೊಂಡೆ. ಆಮೇಲೆ ನೀವು ಆ ಪಟ್ಟಿ ಹಿಡಿದು ಕೂತ್ರಿ. ಅಯ್ಯೋ, ಇವರು ಯಾವತ್ತೂ ಆರಿಸಲ್ಲ ಬಿಡು ಅಂತ ನನಗೂ ಒಂಥರಾ ನಿರಾಳ ಆಯ್ತು ಕಣ್ರೀ. ಇವತ್ತು ಬೆಳಿಗ್ಗೆನೂ... ತರಲ್ಲ ಅಂದುಬಿಡ್ತೀರಿ ಅಂತಲೇ ಕಾಯ್ತಿದ್ದೆ. ಅಂದಿದ್ರೆ ಹರಿದು ಹಾಕ್ತಿದ್ದೆ."

ಕಿಟಕಿಯ ಹಳೇ ಸೀರೆಯ ಆಚೆ ಸೂರ್ಯ ಮುಳುಗಿದ. ತಟ್ಟೆಗಳು ಹಾಗೇ ಇದ್ದವು, ಇನ್ನು ಉಣ್ಣುವಂತಿಲ್ಲ. ಕೋಕಿಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಫೋನ್ ಎತ್ತಿಕೊಂಡು ಬಾಲ್ಕನಿಗೆ ಹೋದಳು. "ನಾಯಿ ಬಂತು ಸರ್," ಅಂದದ್ದು ಒಳಗೆ ಕೇಳಿಸಿತು.

ಭರತೇಶ ಪತ್ರವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ. ಎಲ್ಲೂ ಹರಿದಿರಲಿಲ್ಲ, ಒದ್ದೆಯಾಗಿರಲಿಲ್ಲ, ಒಂದು ಹಲ್ಲಿನ ಗುರುತೂ ಇರಲಿಲ್ಲ. ಎದುರಿಗೆ ಲಾಟ್‌ಸಾಹೇಬ ಕಿವಿ ನಿಮಿರಿಸಿ, ಬಾಲವನ್ನು ಆಡಿಸಲೋ ಬೇಡವೋ ಎಂದು ತಡೆದುಕೊಂಡು ಕಾಯುತ್ತಿತ್ತು. ಮುದುಕರ ಕೈಮೇಲೆ ಕೈಯಿಟ್ಟದ್ದು ಭರತೇಶನಿಗೆ ನೆನಪಾಯಿತು.

ಅವನು ನೆಲದ ಮೇಲೆ ಕೂತ. ಎರಡೂ ಕೈಯಲ್ಲಿ ಪತ್ರ ಹಿಡಿದುಕೊಂಡ.

"ಶಾಬಾಶ್," ಅಂದ.