ಗುಮ್ಮಟಕ್ಕೆ ಯಾರ ಹೋಟೆಲು ಹತ್ತಿರ

ಅಂದು ಬೆಳಿಗ್ಗೆ ಗುರಲಿಂಗಪ್ಪನಿಗೆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಎದುರಿನ ಅಮರಪ್ಪ ತನ್ನ ಹೋಟೆಲಿನ ಮೇಲೆ ಹೊಸ ಬೋರ್ಡು ಏರಿಸಿದ್ದ: ‘ಗೋಳಗುಮ್ಮಟಕ್ಕೆ ಎಲ್ಲಕ್ಕಿಂತ ಸಮೀಪದ ವಸತಿ.’

ವಿಜಾಪುರದ ಸ್ಟೇಷನ್ನಿನ ಆ ರಸ್ತೆಯಲ್ಲಿ ಇಳಿದುಕೊಳ್ಳುವ ಹೋಟೆಲುಗಳು ಇದ್ದದ್ದೇ ಎರಡು. ಈ ಬದಿಗೆ ಗುರಲಿಂಗಪ್ಪನದು, ಆ ಬದಿಗೆ ಅಮರಪ್ಪನದು. ಬಾದಶಹರ ಗೋರಿ, ಮಹಲು, ತೋಪು ನೋಡಲು ಬಂದವರ ಟ್ರಂಕಿಗೆ ಇವನೊಂದು ಕಡೆ, ಅವನೊಂದು ಕಡೆ ಕೈಹಾಕಿ ಹನ್ನೆರಡು ವರ್ಷದಿಂದ ಜಗ್ಗಾಡುತ್ತಿದ್ದರು.

“ಸುಳ್ಳ ಬೋರ್ಡ ಹಾಕ್ಯಾನ. ಗುಮ್ಮಟಕ್ಕ ಹತ್ರ ಇರೂದು ನಮ್ಮ ಹೋಟೆಲು,” ಎಂದು ಗುರಲಿಂಗಪ್ಪ ಹೆಂಡತಿಯ ಮುಂದೆ ಕುದಿದ.

ನೀಲಾಬಾಯಿ ಹಿಟ್ಟು ನಾದುತ್ತ, “ನಡುವ ಇರೂದು ಒಂದು ರಸ್ತೆ. ಎರಡು ಬಂಡಿ ಹೋದ್ರ ಮುಗೀತು. ಅದಕ್ಯಾಕ್ರಿ ಇಷ್ಟು ಸಿಟ್ಟು?” ಎಂದಳು.

ಕಾದ ಎಣ್ಣೆಗೆ ನೀರು ಬಿದ್ದಂತೆ ಸಿಡಿದು ಗುರಲಿಂಗಪ್ಪ ರಸ್ತೆ ದಾಟಿದ.

“ಲೇ ಅಮರಪ್ಪ, ಬೋರ್ಡ ಇಳಿಸು.”

“ಅಳದು ತೋರ್ಸು, ಇಳಸ್ತೇನಿ.”

ಬಾವಿಯ ಹಗ್ಗ ತಂದು ಅಳೆಯಹೋದರೆ ಅದು ನಾಲ್ಕು ಮನೆ ದಾಟುವಷ್ಟರಲ್ಲೇ ಮುಗಿಯಿತು. ಮೂಲೆಯಲ್ಲಿ ಮಜ್ಜಿಗೆ ಮಾರುತ್ತಿದ್ದ ಶಂಕ್ರೆವ್ವ ಯಾರೂ ಕೇಳದಿದ್ದರೂ, “ಹೆಜ್ಜಿ ಎಣಸ್ರಿ,” ಎಂದಳು. ಇಬ್ಬರೂ ತಮ್ಮ ತಮ್ಮ ಬಾಗಿಲಿನಿಂದ ಗುಮ್ಮಟದ ಗೇಟಿನವರೆಗೆ ನಡೆದರು. ಗುರಲಿಂಗಪ್ಪನದು ಐನೂರ ಹತ್ತು ಹೆಜ್ಜೆಯಾಯಿತು, ಅಮರಪ್ಪನದು ನಾನೂರ ಇಪ್ಪತ್ತು.

“ಅವನವು ಒಂಟೆಯಂಥ ಉದ್ದ ಕಾಲು. ಈ ಲೆಕ್ಕ ನಡಿಯಂಗಿಲ್ಲ,” ಎಂದು ಗುರಲಿಂಗಪ್ಪ ಕೂಗಾಡಿದ.

ಹಾಗಾದರೆ ಎರಡೂ ಕಡೆಯಿಂದ ಒಬ್ಬನೇ ನಡೆಯಲಿ ಎಂದು ಟಾಂಗಾದ ಬಾಬುವನ್ನು ಗೊತ್ತುಮಾಡಿದರು. ಮುನ್ನೂರರ ಹತ್ತಿರ ಅವನ ಕುದುರೆ ಖಾಲಿ ಟಾಂಗಾ ಎಳೆದುಕೊಂಡು ಬೆನ್ನ ಹಿಂದೆ ಬಂದು ನಿಂತಿತು. ಅದನ್ನು ಗದರುವುದರೊಳಗೆ ಬಾಬು ಎಣಿಕೆ ಮರೆತ. ಮತ್ತೆ ಮೊದಲಿನಿಂದ ನಡೆಯಬೇಕಾಯಿತು. ಜೊತೆಗೆ ಎಣಿಸುತ್ತ ಹೊರಟ ಗುರಲಿಂಗಪ್ಪನ ಚಪ್ಪಲಿಯ ಉಂಗುಟ ಕಿತ್ತಿತು. ಬಿಸಿಲು ಏರಿ ನೆಲ ಹಂಚಿನಂತೆ ಕಾದಿತ್ತು. ಬರಿಗಾಲಲ್ಲಿ ಕುಣಿಯುತ್ತ ಅವನು ಅಮರಪ್ಪನಿಗೂ ಬಾಬುವಿಗೂ ಕುದುರೆಗೂ ಸರಿಸಮನಾಗಿ ಬೈದ.

ಅದೇ ಹೊತ್ತಿಗೆ ಹೋಟೆಲುಗಳ ಮುಂದೆ ಒಂದು ಮೋಟಾರು ಬಂದು ನಿಂತಿತು. ಖಾಕಿ ಟೋಪಿಯ ಸಾಹೇಬರೊಬ್ಬರು ಬಗಲಲ್ಲಿ ಫೈಲು ಹಿಡಿದು ಇಳಿದರು. ಎರಡನೆಯ ಮಹಾಯುದ್ಧದ ಲಡಾಯಿಯ ಕಾಲ, ಎಲ್ಲೆಲ್ಲೂ ಖಾಕಿಯೇ. ಯಾರಿಗೂ ಅದು ವಿಶೇಷವೆನಿಸಲಿಲ್ಲ.

“ಮಂದಿ ಇಳಿಸಲಿಕ್ಕೆ ಈ ಎರಡರೊಳಗ ಯಾವುದು ಅನುಕೂಲ?” ಎಂದು ಸಾಹೇಬರು ಕೇಳಿದರು.

ಅಮರಪ್ಪ ಟೋಪಿ ನೋಡಿದ, ಫೈಲು ನೋಡಿದ. ಏಣಿ ಹತ್ತಿ ತನ್ನ ಬೋರ್ಡನ್ನು ತಾನೇ ಇಳಿಸಿದ.

“ನಾ ಸುಳ್ಳ ಬರಸಿದ್ನಿರಿ ಸಾಹೇಬ್ರ. ಅವ್ರದ ಹತ್ರ. ನಂದು ಮಾಳಗಿ ಸೋರತೈತಿ, ಬಾವಿ ನೀರು ಉಪ್ಪ, ಖೋಲಿ ತುಂಬ ತಗಣಿ ಅದಾವ.”

ಗೆದ್ದೆನೆಂದು ಗುರಲಿಂಗಪ್ಪನ ಎದೆ ಉಬ್ಬಿತು. ಈ ಮಾತನ್ನೇ ಬೆಳಿಗ್ಗೆ ಆಡಿದ್ದರೆ ಅಂಗಾಲು ಉಳಿಯುತ್ತಿತ್ತಲ್ಲ ಎಂದು ಸಿಟ್ಟೂ ಉಕ್ಕಿತು. ಸರ್ಕಾರದ ಮಂದಿ ಗುಮ್ಮಟ ನೋಡಲು ಬರುವವರಿರಬೇಕು, ಇನ್ನು ತನ್ನ ಹೋಟೆಲಿಗೆ ಸಮ ಯಾರೂ ಇಲ್ಲ ಎಂದುಕೊಂಡು ಸಾಹೇಬರನ್ನು ಒಳಗೆ ಕರೆದೊಯ್ದ.

“ಹತ್ತು ಖೋಲಿ ಅದಾವ್ರಿ. ಬಾವಿ ಬ್ಯಾಸಿಗ್ಯಾಗೂ ಬತ್ತಂಗಿಲ್ಲ. ಸ್ಟೇಷನ್ನು ಇಲ್ಲೇ, ಗುಮ್ಮಟ ಇಲ್ಲೇ. ಆಸಾರ ಮಹಲು, ಗಗನ ಮಹಲು ಟಾಂಗಾದಾಗ ಎಲಿ ಅಡಿಕಿ ಹಾಕ್ಕೊಳ್ಳೂದ್ರಾಗ ಬರತಾವ.”

ಒಂದು ಖೋಲಿಯ ಕಿಟಕಿ ತೋರಿಸಲೆಂದು, ಅರ್ಧ ಗಡ್ಡ ಹೆರೆದುಕೊಂಡಿದ್ದ ಗಿರಾಕಿಯೊಬ್ಬನನ್ನು ಸೋಪಿನ ಸಮೇತ ಪಡಸಾಲೆಗೆ ದಬ್ಬಿದ. ಹಿಂದೆಯೇ ಬಂದಿದ್ದ ಬಾಬು, “ಖೋಲಿ ಸಣ್ಣವದಾವ್ರಿ,” ಎಂದ.

“ನಿನ್ನ ಯಾರು ಕೇಳ್ಯಾರ? ಹೊರಗ ನಡಿ.”

“ಇಪ್ಪತ್ತು ಮಂದಿ ಹಿಡಿಸ್ತಾರೇನು?” ಎಂದರು ಸಾಹೇಬರು.

“ಮೂವತ್ತು ಹಿಡಿಸ್ತೇನ್ರಿ.”

ಸಾಹೇಬರು ಫೈಲು ಬಿಚ್ಚಿ ಕಾಗದ ಚಾಚಿದರು. ಗುರಲಿಂಗಪ್ಪ ಓದುವ ಗೋಜಿಗೆ ಹೋಗದೆ ಸಹಿ ಜಡಿದ.

“ಭಾಳ ಉಪಕಾರ ಆತು,” ಎಂದರು ಸಾಹೇಬರು. “ಲಡಾಯಿ ಕಾಯ್ದೆ ಪ್ರಕಾರ ಈ ಕಟ್ಟಡ ಸರ್ಕಾರದ ವಶ ಆಗೇದ. ಪಲ್ಟಣದ ಅಧಿಕಾರಿಗಳು ಇಳೀತಾರ. ಸಂಜಿ ಆರರೊಳಗ ಖಾಲಿ ಮಾಡ್ರಿ. ಎರಡರೊಳಗ ಯಾವುದು ತಗೋಬೇಕು ಅಂತ ಚಿಂತಿ ಇತ್ತು, ನೀವು ಸರಳ ಮಾಡಿದ್ರಿ.”

ಮೋಟಾರು ಹೋದ ಧೂಳು ಇಳಿಯುವ ಮೊದಲೇ ಗುರಲಿಂಗಪ್ಪ ಅಮರಪ್ಪನ ಅಂಗಿ ಹಿಡಿದಿದ್ದ.

“ನಿನಗ ಗೊತ್ತಿತ್ತು.”

“ಗೊತ್ತಿತ್ತು. ಸೊಲ್ಲಾಪುರದಾಗ ನಮ್ಮ ಅಳಿಯನ ಹೋಟೆಲಿಗೂ ಹ್ವಾದ ತಿಂಗಳ ಇಂಥಾದ ಫೈಲು ಬಂದಿತ್ತು.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ನೀ ಬಾಯಿ ಮುಚ್ಚಿದ್ರ ಹೇಳತಿದ್ನಿ. ಅಂಗಿ ಬಿಡು, ಗಿರಾಕಿ ಬರಾಕತ್ತಾರ.”

ನಿಜವೇ. ಗುರಲಿಂಗಪ್ಪನ ಗಿರಾಕಿಗಳೆಲ್ಲ ಹಾಸಿಗೆ ಹೊತ್ತು ಸಾಲಾಗಿ ರಸ್ತೆ ದಾಟುತ್ತಿದ್ದರು. ಎಲ್ಲರಿಗಿಂತ ಮುಂದೆ ಅರ್ಧ ಗಡ್ಡದವನಿದ್ದ. ಎಲ್ಲರಿಗಿಂತ ಹಿಂದೆ ನೀಲಾಬಾಯಿ, ತಲೆಯ ಮೇಲೆ ಟ್ರಂಕು.

“ನೀ ಎಲ್ಲಿಗೆ ಹೊಂಟಿ?” ಎಂದು ಗುರಲಿಂಗಪ್ಪ ಅರಚಿದ.

“ನಮ್ಮ ಮನಿನೂ ಆ ಕಟ್ಟಡದಾಗ ಐತ್ರಿ. ಅಮರಪ್ಪನವರ ಕಡೆ ಒಂದ ಖೋಲಿ ಉಳದೈತಂತ. ನೀವು ಜಗಳಾಡೂದ್ರಾಗ ಅದೂ ಹೋಗತೈತಿ.”

ಅಮರಪ್ಪ ಅಂಗಿ ಸರಿಮಾಡಿಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ. ದಪ್ಪ ರಜಿಸ್ಟರು ಬಿಚ್ಚಿ, ಟಾಕು ಮಸಿಯಲ್ಲಿ ಅದ್ದಿ, ಎಂದೂ ನೋಡದವನ ಹಾಗೆ ಕೇಳಿದ:

“ಹೆಸರು ಹೇಳ್ರಿ.”

ಗುರಲಿಂಗಪ್ಪ ಹಲ್ಲು ಕಡಿಯುತ್ತ ಹೇಳಿದ.

“ಎಷ್ಟು ದಿನ ಇರಾವ್ರು?”

“ಲಡಾಯಿ ಮುಗಿಯೂತನಕ.”